ಅವ್ವನ ಕಾರಿಗೆ ಎಂಜಿನ್ ಹುಡುಕಿದ್ದು

ನಮ್ಮ ಅವ್ವನ ಅಂಬಾಸಿಡರ್ ಕಾರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತೇನಿ ಬಳಿಯ ಓಡೈಪಟ್ಟಿಯ ನಮ್ಮ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ನಿಂತೇ ಇತ್ತು. ಒಂದು ಪಕ್ಕ ಔಷಧಿ ಹೊಡೆಯುವ ಪಂಪು, ಇನ್ನೊಂದು ಪಕ್ಕ ಖಾಲಿ ಕ್ರೇಟುಗಳು. ಹೋದ ವರ್ಷ, ತೋಟ ನೋಡಿಕೊಳ್ಳುವ ನನ್ನ ತಮ್ಮ ಅದನ್ನು ಮತ್ತೆ ಓಡುವಂತೆ ಮಾಡುತ್ತೇನೆಂದು ಹೊರಟ. ನಾನು ತೇನಿಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಪುರುಸೊತ್ತಿತ್ತು, ಜೊತೆಗೆ ಸೇರಿಕೊಂಡೆ. ತಗಡಿನ ಕೆಲಸ, ಬಣ್ಣ, ಸೀಟಿನ ಬಟ್ಟೆ ಎಲ್ಲ ಒಂದೊಂದಾಗಿ ಮುಗಿಯಿತು. ಉಳಿದದ್ದು ಎಂಜಿನ್.

ಕಾರು ಕೊಂಡವನು ಅಪ್ಪ, ಓಡಿಸಿದವಳು ಅವ್ವ. ಕೊಂಡ ವರ್ಷವೇ ಅಪ್ಪನಿಗೆ ಮೂರ್ಛೆ ಬರತೊಡಗಿ, ಮದುರೈನ ಡಾಕ್ಟರು ಇನ್ನು ಸ್ಟೀರಿಂಗ್ ಮುಟ್ಟಲೇಬಾರದು ಎಂದುಬಿಟ್ಟರು. ಮಾರುವ ಮಾತು ಬಂದಾಗ ಅವ್ವ, ನಾನು ಕಲಿಯುತ್ತೇನೆ ಎಂದಳಂತೆ. ಘಟ್ಟದ ಮೇಲಿನ ಏಲಕ್ಕಿ ಎಸ್ಟೇಟಿಗೆ ಜೀಪು ಓಡಿಸುತ್ತಿದ್ದ ನೆಂಟರೊಬ್ಬರು ಕೊಯ್ಲಾದ ಗದ್ದೆಯಲ್ಲಿ ಅವಳಿಗೆ ಕಲಿಸಿದರು. ಆಮೇಲೆ ಹಿಂದಿನ ಸೀಟು ತೆಗೆಸಿ ದ್ರಾಕ್ಷಿ ಪೆಟ್ಟಿಗೆ ತುಂಬಿಕೊಂಡು ಕಂಬಂ, ಚಿನ್ನಮನೂರು, ಕೆಲವು ಸಲ ಘಟ್ಟ ಹತ್ತಿ ಕುಮಳಿಯವರೆಗೂ ಹೋಗಿಬರುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೂತು ಎದುರು ಬರುವ ಬಸ್ಸುಗಳಿಗೆ ಕೈ ಬೀಸುತ್ತಿದ್ದ. ಕಾಮಯಗೌಂಡನ್‌ಪಟ್ಟಿಯ ತೋಟಗಳಲ್ಲಿ ಗೊಂಚಲು ಕತ್ತರಿಸುವ ಹೆಂಗಸರು ಕತ್ತರಿ ಕೆಳಗಿಟ್ಟು ರಸ್ತೆಯ ಬದಿಗೆ ಬಂದು ನೋಡುತ್ತಿದ್ದರು.

ಎಂಜಿನ್ ಹಾಳಾದದ್ದು ಅಪ್ಪ ಹೋದ ಮೇಲೆ. ಆಗ ತಮ್ಮನಿಗೆ ಇಪ್ಪತ್ತೆರಡು. ಮೆಣಸಿನ ಬಳ್ಳಿ ತರಲು ಒಬ್ಬನೇ ಕುಮಳಿಗೆ ಹೊರಟಿದ್ದ. ಘಟ್ಟದ ಬುಡದ ಲೋವರ್ ಕ್ಯಾಂಪ್ ದಾಟಿ ಮೇಲೆ ಹತ್ತುವಾಗ ರೇಡಿಯೇಟರು ಕುದಿಯಿತು. ಅರ್ಧ ಗಂಟೆ ಆರಲು ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಹೊಯ್ಯಬೇಕೆಂದು ಅವ್ವ ಅವನಿಗೆ ಹೇಳಿಕೊಟ್ಟಿದ್ದಳು. ತಿರುವಿನಲ್ಲಿ ಹಿಂದೆ ಬಸ್ಸುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಅವನು ತೊರೆಯ ತಣ್ಣೀರನ್ನು ಕೊಡದಲ್ಲಿ ತಂದು ಒಮ್ಮೆಗೇ ಸುರಿದ. ಎಂಜಿನ್ನಿನ ಬ್ಲಾಕು, ಅದರ ಎರಕದ ಒಡಲು, ಬಿರುಕು ಬಿಟ್ಟಿತು. ಆಯಿಲ್‌ಗೆ ನೀರು ಸೇರಿ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಎಂಜಿನ್‌ಗೆ ವಯಸ್ಸಾಯಿತು, ತಾನಾಗಿ ಒಡೆಯಿತು ಎಂದು ಮನೆಯಲ್ಲಿ ಹೇಳಿದ. ನಿಜ ಹೇಳಿದ್ದು ನನ್ನೊಬ್ಬಳಿಗೆ. ಎರಡು ಸಲ ಬೆಸುಗೆ ಹಾಕಿಸಿದರೂ ನಿಲ್ಲಲಿಲ್ಲ. ಕಾರು ಶೆಡ್ಡು ಸೇರಿತು.

ಹೀಗಾಗಿ ಎಂಜಿನ್ ವಿಷಯ ಬಂದಾಗ ಅವನದು ಒಂದೇ ಹಟ. ಮೊದಲಿದ್ದಂಥದ್ದೇ ಬೇಕು, ಹಳೆಯ ಸಾವಿರದ ಐನೂರು ಸಿಸಿಯ ಪೆಟ್ರೋಲಿನದು. ಊರಿನಲ್ಲಿ ಕೇಳಿದವರೆಲ್ಲ ಡೀಸೆಲ್ ಎಂಜಿನ್ ಕೂರಿಸಿ ಎಂದರು, ಹೇರಳವಾಗಿ ಸಿಗುತ್ತದೆ, ಎತ್ತಿನ ಹಾಗೆ ಎಳೆಯುತ್ತದೆ ಎಂದು. ತೇನಿಯ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿದೆ. ಮೊದಲೇ ಅನುಮತಿ ತೆಗೆದುಕೊಳ್ಳಬೇಕು, ಮಾರಿದವರ ಬಿಲ್ಲಿನಲ್ಲಿ ಎಂಜಿನ್ ನಂಬರು ಇರಬೇಕು, ಪೆಟ್ರೋಲ್ ಬದಲಿಗೆ ಪೆಟ್ರೋಲೇ ಆದರೆ ತಾಪತ್ರಯ ಕಡಿಮೆ ಎಂದರು. ಡೀಸೆಲ್ ಅಲ್ಲಿಗೆ ಬಿಟ್ಟುಹೋಯಿತು. ಕಾರಿನ ಕೆಲಸ ಮಾಡುತ್ತಿದ್ದ ಆಂಡಿಪಟ್ಟಿಯ ಮೆಕ್ಯಾನಿಕ್, ನಾವು ಅಣ್ಣೇ ಎಂದು ಕರೆಯುವವರು, ಇನ್ನೊಂದು ದಾರಿ ಹೇಳಿದರು. ಇದೇ ಕಾರಿನ ಕೊನೆಕೊನೆಯ ಮಾದರಿಗಳಲ್ಲಿ ಬರುತ್ತಿದ್ದ ಸಾವಿರದ ಎಂಟುನೂರು ಸಿಸಿಯ ಪೆಟ್ರೋಲ್ ಎಂಜಿನ್. ಐದು ಗೇರು, ಬೇಗ ಬಿಸಿಯಾಗುವುದಿಲ್ಲ. ಕೂರಿಸಲು ಎಂಜಿನ್ ನಿಲ್ಲುವ ಜಾಗವನ್ನು ಸ್ವಲ್ಪ ಬದಲಿಸಬೇಕು, ಅಷ್ಟೆ. ನನ್ನ ತಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ದಿಂಡಿಗಲ್ಲಿನಲ್ಲಿ ಹಳೆಯ ವಾಹನಗಳ ಭಾಗ ಮಾರುವವರ ಬಳಿ ಅವನಿಗೆ ಬೇಕಾದ ಎಂಜಿನ್ ಇದೆ ಎಂದು ತಿಳಿದು ಅಣ್ಣೇ ಸೇರಿ ನಾವು ಮೂವರೂ ಬೆಳಿಗ್ಗೆಯೇ ಹೊರಟೆವು. ವತ್ತಲಗುಂಡು ರಸ್ತೆಯಲ್ಲಿ ತಗಡಿನ ಬೇಲಿ ಹಾಕಿದ ದೊಡ್ಡ ಅಂಗಳ. ಬಾಗಿಲು, ಬಂಪರು, ಆಕ್ಸಲ್‌ಗಳ ನಡುವೆ ಒಂದು ಮರದ ಹಲಗೆಯ ಮೇಲೆ ಅದನ್ನಿಟ್ಟು ಹಸಿರು ಬಣ್ಣ ಬಳಿದಿದ್ದರು. ತಮ್ಮ ಅದನ್ನು ಕಂಡದ್ದೇ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಅದರ ಮೇಲಿಟ್ಟ. ಮೆಕ್ಯಾನಿಕ್ ಅಣ್ಣೇ ಮಾತ್ರ ಸುಮ್ಮನೆ ಸುತ್ತು ಬಂದು, ಬ್ಲಾಕಿನ ಮೇಲೆ ನಂಬರು ಕೊರೆದ ಜಾಗವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ನನ್ನನ್ನು ಹತ್ತಿರ ಕರೆದರು. ಬಣ್ಣ ಹೋದಾಗ ಕಂಡಿತು. ಹಳೆಯ ನಂಬರನ್ನು ಅರದಿಂದ ಉಜ್ಜಿ ತೆಗೆದು ಹೊಸದನ್ನು ಕುಟ್ಟಿದ್ದರು. ಅಂಕಿಗಳು ಒಂದು ಮೇಲೆ, ಒಂದು ಕೆಳಗೆ. ಕಾಗದ ಎಲ್ಲಿ ಎಂದು ಕೇಳಿದೆ. ಬರುತ್ತದೆ, ಕಳಿಸಿಕೊಡುತ್ತೇವೆ ಎಂದರು.

ಯಾರ ಗಾಡಿಯದೋ, ಹೇಗೆ ಬಂದದ್ದೋ. ಕದ್ದದ್ದೇ ಇರಬಹುದು. ಬೇಡ ಎಂದೆ. ಅದೇ ಅಂಗಳದಲ್ಲಿ ಸಾವಿರದ ಎಂಟುನೂರರ ಎಂಜಿನ್ನೂ ಒಂದಿತ್ತು. ಹಿಂದಿನಿಂದ ಲಾರಿ ಗುದ್ದಿ ಹಾಳಾದ ಕಾರಿನದು. ಆರ್‌ಸಿ ಪುಸ್ತಕದ ನಕಲು, ಕಾರಿನವರ ಸಹಿಯಿದ್ದ ಪತ್ರ, ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅದಕ್ಕೇ ಕಟ್ಟಿತ್ತು. ತಮ್ಮ ಅದನ್ನು ತಿರುಗಿಯೂ ನೋಡಲಿಲ್ಲ.

ಅವನು ತೋಟದ ವ್ಯವಹಾರಕ್ಕೆಲ್ಲ ತಮಿಳೇ ಬಳಸುವವನು, ನನ್ನೊಡನೆ ಜಗಳವಾಡುವುದೂ ತಮಿಳಿನಲ್ಲೇ. ಅವತ್ತು ಹಿಂದಿರುಗುವಾಗ ಪೆರಿಯಕುಳಂ ದಾಟಿದ ಮೇಲೆ, ಮನೆಯೊಳಗಷ್ಟೇ ಆಡುವ ನಮ್ಮ ಕನ್ನಡದಲ್ಲಿ ಮೆಲ್ಲಗೆ ಹೇಳಿದ:

"ಅದು ನಾ ಕೆಡ್ಸಿದ್ದು, ಅಕ್ಕಾ. ಬ್ಯಾರೆ ಎಂಜಿನ್ ಹಾಕ್ಬುಟ್ರೆ ನಾ ಕೆಡ್ಸಿದ್ದು ಹಂಗೇ ಉಳೀತದೆ."

ಅವ್ವನಿಗೆ ಹೇಳಿಬಿಡು ಎಂದೆ. ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ.

ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು. ಅವಳಿಗೆ ಎಂಬತ್ತು ಹತ್ತಿರ, ಮಂಡಿ ನೋವು ಬಿಟ್ಟರೆ ಗಟ್ಟಿ. ಹೋದ ಕೆಲಸ ಏನಾಯಿತು ಎಂದು ಕೇಳಿದಳು. ನಾನು ಎಂಜಿನ್‌ಗಳ ವಿವರ ಹೇಳತೊಡಗಿದೆ. ನಡುವೆಯೇ ಬಾಯಿ ಹಾಕಿದ ತಮ್ಮ, ನಿಂತುಕೊಂಡೇ, ಘಟ್ಟದಲ್ಲಿ ಅವತ್ತು ನಡೆದದ್ದನ್ನೆಲ್ಲ ಹೇಳಿದ. ಕೊಡ, ತಣ್ಣೀರು, ಬಸ್ಸುಗಳ ಹಾರ್ನು, ಆಮೇಲೆ ಆಡಿದ ಸುಳ್ಳು. ಐವತ್ತರ ಹತ್ತಿರದ ಗಂಡಸು, ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಗುಂಡಿ ತಿರುವುತ್ತಿದ್ದ.

ಅವ್ವ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ತಂಬಿ. ಬೆಸುಗೆ ಹಾಕಿದ್ನಲ್ಲ, ಗೂಡಲೂರು ಮೆಕ್ಯಾನಿಕ್ಕು, ಆ ವಾರವೇ ಹೇಳ್ದ. ನೀನೇ ಬಂದು ಹೇಳ್ತೀಯಾ ಅಂತ ಪಾತ್ಕೊಂಡು ಕಾಯ್ತಿದ್ದೆ. ಆಮೇಲೆ ನಂಗೇ ಮರ್ತೋಯ್ತು," ಎಂದಳು.

ತಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವ್ವ ಮುಂದುವರಿಸಿದಳು:

"ಆ ಎಂಜಿನ್ನು ನನ್ನೇನು ಕಮ್ಮಿ ಕಾಡ್ತಾ? ಘಟ್ಟ ಕಂಡ್ರೆ ಸಾಕು, ಅನ್ನದ ಪಾನೆ ಹಂಗೆ ಕುದಿಯೋದು. ನಾನೂ ಎರಡು ದಪ ತಣ್ಣೀರೇ ಹುಯ್ದಿವ್ನಿ. ದ್ರಾಕ್ಷಿ ಬಾಡೋಯ್ತದೆ, ಯಾರು ಅರ್ಧ ಗಂಟೆ ಕಾಯೋದು? ನಂಗೆ ಒಡೀಲಿಲ್ಲ, ನಿಂಗೆ ಒಡೀತು, ಅಷ್ಟೆ."

ನನಗೆ ನಗು ಬಂತು. ಅಪ್ಪ ಪಕ್ಕದಲ್ಲೇ ಇರುತ್ತಿದ್ದನಲ್ಲ, ಏನೂ ಅನ್ನುತ್ತಿರಲಿಲ್ಲವೇ ಎಂದು ಕೇಳಿದೆ. ನೀರು ತಂದುಕೊಡುತ್ತಿದ್ದವನೇ ಅವನು ಎಂದಳು. ಆಮೇಲೆ, ಕುದಿಯದ ಎಂಜಿನ್ ಯಾವುದೋ ಅದನ್ನು ಹಾಕಿ, ಹಳೆಯದಕ್ಕೆ ಕೋವಿಲು, ಗುಡಿ ಕಟ್ಟುವುದೇನೂ ಬೇಡ ಎಂದಳು. ತಮ್ಮ ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ. ಬಂದವನು ಅವಳ ಪಕ್ಕ ಕೂತು ಮೊರಕ್ಕೆ ಕೈ ಹಾಕಿದ. ಕಾಳಿನ ಜೊತೆ ಸಿಪ್ಪೆಯನ್ನೂ ಪಾತ್ರೆಗೆ ಹಾಕುತ್ತಿದ್ದ, ಬೈಸಿಕೊಂಡ.

ನಾನು ಇಷ್ಟು ವರ್ಷ ಅವನ ಗುಟ್ಟನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ಕಾಯಬೇಕಾದದ್ದು ಏನೂ ಇರಲಿಲ್ಲ. ಆ ಸಂಜೆ ಕಾಲು ಚಾಚಿ ಗೋಡೆಗೊರಗಿ ಕೂತಾಗ ಮೈಯೆಲ್ಲ ಸಡಿಲವಾದಂತಿತ್ತು.

ಮರುವಾರ ಅವ್ವನೂ ದಿಂಡಿಗಲ್ಲಿಗೆ ಬಂದಳು. ಮೆಕ್ಯಾನಿಕ್ ಅಣ್ಣೇ ಅಂಗಳದವರಿಗೆ ಮೊದಲೇ ಫೋನು ಮಾಡಿ, ನಾವು ಬರುವ ತನಕ ಸಾವಿರದ ಎಂಟುನೂರರ ಎಂಜಿನ್ ಚಾಲೂ ಮಾಡಬಾರದು, ತಣ್ಣಗಿರುವಾಗಲೇ ಹತ್ತುತ್ತದೋ ನೋಡಬೇಕು ಎಂದಿದ್ದರು. ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಬ್ಯಾಟರಿ ಜೋಡಿಸಿ, ಪೆಟ್ರೋಲಿನ ಡಬ್ಬಿ ಮೇಲೆ ನೇತುಹಾಕಿದರು. ಡ್ರಮ್ಮಿನಿಂದ ನೀರಿನ ಪೈಪು ಕೊಟ್ಟರು. ಎರಡನೆಯ ಸಲಕ್ಕೆ ಹತ್ತಿತು. ಕುರ್ಚಿಯಲ್ಲಿ ಕೂತಿದ್ದ ಅವ್ವ ಹೊಗೆ ಬರುವ ಕಡೆ ನೋಡಿದಳು. ಮೊದಲು ಬೂದು ಬಣ್ಣಕ್ಕಿದ್ದ ಹೊಗೆ ಬರಬರುತ್ತ ಇಲ್ಲವಾಯಿತು. ಎದ್ದು ಬಂದು ಮೇಲಿನ ಮುಚ್ಚಳಕ್ಕೆ ಅಂಗೈ ಒತ್ತಿ ನಿಂತಳು. ಇಪ್ಪತ್ತು ನಿಮಿಷ ಓಡಿಸಿಯೇ ನಿಲ್ಲಿಸಬೇಕೆಂದು ಹಟ ಮಾಡಿದಳು. ಅಂಗಳದವರು ಅವಳಿಗೆ ಟೀ ತರಿಸಿಕೊಟ್ಟು, ಗಾಡಿ ಓಡಿಸುತ್ತಿದ್ದಿರಾ ಅಮ್ಮಾ ಎಂದು ಕೇಳಿದರು. ಓಡಿಸುತ್ತಿದ್ದೆ, ನಿಮ್ಮ ಊರಿಗೂ ದ್ರಾಕ್ಷಿ ತಂದಿದ್ದೇನೆ ಎಂದಳು. ನನ್ನ ತಮ್ಮ ಪತ್ರದ ನಂಬರನ್ನೂ ಬ್ಲಾಕಿನ ನಂಬರನ್ನೂ ಒಂದೊಂದೇ ಅಂಕಿ ಬೆರಳಿಟ್ಟು ಹೋಲಿಸಿ ನೋಡಿ, ಇದನ್ನೇ ತೆಗೆದುಕೊಳ್ಳೋಣ ಎಂದ.

ಅನುಮತಿ ಸಿಗಲು ಒಂದೂವರೆ ತಿಂಗಳು ಹಿಡಿಯಿತು. ಆಂಡಿಪಟ್ಟಿಯಲ್ಲಿ ಕೂರಿಸುವಾಗ ಗೇರ್ ಬಾಕ್ಸು ಹಳೆಯದಕ್ಕಿಂತ ಉದ್ದವಿದ್ದುದರಿಂದ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಬೇಕಾಯಿತು. ಮೊದಲ ಸಲ ಅಳತೆ ತಪ್ಪಿ ಕಾರು ನಡುಗುತ್ತಿತ್ತು. ಇನ್ನೊಮ್ಮೆ ಮಾಡಿದರು. ಆರ್‌ಟಿಓದವರು ಬಂದು ನೋಡಿ, ಹೊಸ ನಂಬರನ್ನು ಆರ್‌ಸಿಯಲ್ಲಿ ಸೇರಿಸಿಕೊಟ್ಟ ದಿನ ನಾನು ಆ ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಎರಡು ಸಲ ಓದಿದೆ.

ಆಮೇಲಿನ ಭಾನುವಾರ ಕುಮಳಿಗೆ ಹೊರಟೆವು. ತಮ್ಮ ಓಡಿಸಿದ. ಅವ್ವ ಪಕ್ಕದಲ್ಲಿ, ನಾನು ಹಿಂದೆ, ಮತ್ತೆ ಕೂರಿಸಿದ ಸೀಟಿನಲ್ಲಿ. ಗೂಡಲೂರಿನಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದ. ಲೋವರ್ ಕ್ಯಾಂಪಿನಲ್ಲಿ ಮತ್ತೆ ನಿಲ್ಲಿಸಿದ. ತಿರುವುಗಳು ಶುರುವಾದ ಮೇಲೆ ಅವನ ಕಣ್ಣು ರಸ್ತೆಗಿಂತ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳಿನ ಮೇಲೇ ಇತ್ತು. ಮುಂದೆ ನೋಡು ಎಂದು ಅವ್ವ ಗದರಿದಳು. ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ನಾಲ್ಕನೆಯ ತಿರುವೋ ಐದನೆಯದೋ ದಾಟಿದಾಗ, ತೋಟದಲ್ಲಿ ಈ ಸಲ ಬೀಜದ ಪನ್ನೀರು ದ್ರಾಕ್ಷಿ ಕಡಿಮೆ ಮಾಡಿ ಬೀಜವಿಲ್ಲದ್ದನ್ನು ಹಾಕೋಣವೇ ಎಂದು ಅವನು ಅವ್ವನನ್ನು ಕೇಳಿದ. ಇಬ್ಬರೂ ಅದರ ಬಗ್ಗೆ ಕುಮಳಿ ಬರುವವರೆಗೆ ವಾದ ಮಾಡಿದರು.