ಹಗೇವಿನ ಗಾಳಿ

ರಾಗಿಹಿಟ್ಟಿನ ಡಬ್ಬದ ಮುಚ್ಚಳ ತೆಗೆಯುವಾಗ ನಾನು ಮುಖವನ್ನು ಎಡಕ್ಕೆ ತಿರುಗಿಸುತ್ತೇನೆ. ಡಬ್ಬದಲ್ಲಿ ಹಾವು ಸಾಕಿದವರ ಹಾಗೆ ಆಡುತ್ತೇನೆಂದು ನನ್ನ ಹೆಂಡತಿ ಮುಳಬಾಗಿಲಿನ ನೆಂಟರಿಗೆಲ್ಲ ಹೇಳಿ ನಗಿಸಿದ್ದಾಳೆ. ನಗಲಿ. ನನ್ನನ್ನು ನೆಮ್ಮದಿಯಾಗಿ ಕೂರಲು ಬಿಡದ ಪ್ರಶ್ನೆಯೇ ಬೇರೆ: ಈ ಅಭ್ಯಾಸ ನನ್ನದೇ ಹೌದೆ?

ಸುಗಟೂರಿನ ನಮ್ಮ ಅಂಗಳದಲ್ಲಿ ಹಗೇವು ಇತ್ತು. ವರ್ಷದ ರಾಗಿಯನ್ನು ನುಂಗಿ ಕೂರುವ ನೆಲದಡಿಯ ಕಣಜ. ಕಾಳೂ ಉಸಿರಾಡುತ್ತದೆ, ಆ ಉಸಿರು ತುಂಬಿದ ಗುಂಡಿಗೆ ಇಳಿದವನ ಉಸಿರು ನಿಲ್ಲುತ್ತದೆ. ಆದ್ದರಿಂದ ಮೊದಲು ಹಗ್ಗದಲ್ಲಿ ಬುಡ್ಡಿದೀಪ ಇಳಿಸುತ್ತಿದ್ದರು; ಆರಿದರೆ ಒಳಗಿನ್ನೂ ಕೆಟ್ಟ ಗಾಳಿಯಿದೆ ಎಂದರ್ಥ. ದೀಪ ಆರಿದ್ದು, ತಾತ ಒರಟು ಅಂಗೈಯಿಂದ ನನ್ನ ಗಲ್ಲ ತಿರುಗಿಸಿ "ಮೊಕ ಆಕಡೆ ಮಾಡ್ಲಾ" ಎಂದದ್ದು ಕಣ್ಣಿಗೆ ಕಟ್ಟಿದಂತಿದೆ. ತಾತನ ಬಗ್ಗೆ ನನಗಿರುವ ನೆನಪು ಇದೊಂದೇ.

ಅಕ್ಕ ಅದನ್ನೂ ಬಿಡಲಿಲ್ಲ. "ಲೇ, ಹಗೇವು ಮುಚ್ಚಿದ್ಮೇಲೆ ನೀನ್ ಹುಟ್ಟಿದ್ದು ಕಣೋ. ತಾತ ತಿರುಗ್ಸಿದ್ದು ನನ್ ಮೊಕ. ನಾನೇಳಿದ್ ಕತೆ ಕೇಳ್ಕೊಂಡು ನೀನೇ ನೋಡ್ದಂಗೆ ಆಡ್ಬ್ಯಾಡ!"

ಓದಿದವನಿಗೆ ಅನುಮಾನ ಹತ್ತಿದರೆ ಪುರಾವೆ ಸಿಗುವವರೆಗೆ ಅನ್ನ ರುಚಿಸುವುದಿಲ್ಲ. ಈಚೆಗೆ ಅಕ್ಕನ ಮಗ ಅದೇ ಅಂಗಳದಲ್ಲಿ ಹೊಸ ಕೋಣೆಗೆ ಪಾಯ ತೋಡುವಾಗ ಹಗೇವಿನ ಬಾಯಿ ತೆರೆಯಿತು. ಗೋಡೆಗಂಟಿದ್ದ ಚಿಟಿಕೆ ಕಾಳನ್ನು ಕೆರೆದು, ಪ್ರಯೋಗಾಲಯದಲ್ಲಿರುವ ಹಳೆಯ ಸಹಪಾಠಿಗೆ ಕಳಿಸಿದೆ. ವಿಷಯ ಇಷ್ಟೆ: ಹಿಂದೆ ದೊಡ್ಡ ದೇಶಗಳು ಬಯಲಲ್ಲಿ ಅಣುಬಾಂಬು ಸಿಡಿಸಿ ಆಟವಾಡಿದಾಗ ಗಾಳಿಯಲ್ಲಿ ವಿಕಿರಣ ಸೂಸುವ ಇಂಗಾಲ ಏರಿತು, ಆಟ ನಿಂತ ಮೇಲೆ ಕಡಲು, ಕಾಡುಗಳು ಅದನ್ನು ಹೀರಿಕೊಂಡು ಮೆಲ್ಲನೆ ಇಳಿಸಿದವು. ಆಯಾ ವರ್ಷದ ಬೆಳೆಯಲ್ಲಿ ಆಯಾ ವರ್ಷದ ಗಾಳಿಯ ಗುರುತು. ದಕ್ಷಿಣ ಧ್ರುವದ ಹಿಮದ ಗುಳ್ಳೆಗಳಲ್ಲಿ ಯುಗಯುಗಗಳ ಗಾಳಿ ಸಿಕ್ಕಿಬಿದ್ದಿದೆಯಂತೆ. ನನಗೆ ಸುಗಟೂರಿನ ಒಂದೇ ಒಂದು ವರ್ಷದ್ದು ಸಾಕಿತ್ತು: ಆ ಕಾಳು ನಾನು ಹುಟ್ಟಿದ ಮೇಲೆ ಬೆಳೆದದ್ದಾದರೆ, ಹಗೇವು ಮೊದಲೇ ಮುಚ್ಚಿತ್ತೆಂಬ ಅಕ್ಕನ ಮಾತು ಬಿದ್ದುಹೋಗುತ್ತದೆ.

ಸಹಪಾಠಿ ಫೋನು ಮಾಡಿ ನಕ್ಕ. "ಗುರುವೇ, ಉತ್ತರ ಎರಡು ಬಂದವೆ. ಬೇಕಾದ್ದು ಆರಿಸ್ಕೋ."

ಕುರುಡುಮಲೆಯ ಬೆಟ್ಟ ಹತ್ತುವಾಗ ಮುಟ್ಟಿದ ಎತ್ತರವನ್ನೇ ಇಳಿಯುವಾಗಲೂ ಮುಟ್ಟುವುದಿಲ್ಲವೆ? ಹಾಗೆಯೇ, ಗಾಳಿಯಲ್ಲಿ ಆ ಇಂಗಾಲ ಏರುವಾಗಲೊಮ್ಮೆ, ಇಳಿಯುವಾಗಲೊಮ್ಮೆ ಅದೇ ಪ್ರಮಾಣ. ಒಂದು ಉತ್ತರ ನಾನು ಹುಟ್ಟುವ ಮೊದಲಿನದು, ಇನ್ನೊಂದು ನಾನು ಅಂಗಳದಲ್ಲಿ ಓಡಾಡುತ್ತಿದ್ದ ಕಾಲದ್ದು. ಇನ್ನೊಮ್ಮೆ ಪರೀಕ್ಷಿಸೋಣವೆಂದರೆ ಕಾಳಿಲ್ಲ. ಸುಟ್ಟು ಗಾಳಿ ಮಾಡಿಯೇ ಅದರ ವಯಸ್ಸು ಕೇಳಬೇಕಂತೆ. ಹಗೇವಿಗೂ ಅಷ್ಟರಲ್ಲಿ ಕಾಂಕ್ರೀಟು ಬಿದ್ದಿತ್ತು.

"ಅಷ್ಟೆಲ್ಲಾ ಓದಿ ಇಬ್ರದೂ ಸರಿ ಅಂತಂದ್ಯಾ?" ಎಂದಳು ಅಕ್ಕ. "ನಮ್ಮೂರ ಪಂಚಾಯ್ತಿಲೂ ಅಷ್ಟೇ ಕಣೋ ಹೇಳೋದು!"

ಈ ಬೆಳಿಗ್ಗೆ ಡಬ್ಬದ ಮುಂದೆ ನಿಂತು, ಈ ಸಲ ಮುಖ ತಿರುಗಿಸುವುದಿಲ್ಲವೆಂದು ಹಲ್ಲು ಕಚ್ಚಿ ಮುಚ್ಚಳ ಎತ್ತಿದೆ. ಗಲ್ಲಕ್ಕೆ ಅಂಗೈಯೊಂದು ತಾಗಿದಂತಾಯಿತು, ತಾತನದೋ, ಕತೆ ಹೇಳುತ್ತ ಅಭಿನಯಿಸಿ ತೋರಿಸಿದ ಅಕ್ಕನದೋ. ಕತ್ತು ಆಗಲೇ ಎಡಕ್ಕೆ ತಿರುಗಿತ್ತು.