ಎರಡು ಹೆಸರಿನ ಊರು

ಐರಿಷ್ ಪಟ್ಟಣ ಲೆಟರ್‌ಕೆನ್ನಿಯ ಲಸಿಕಾ ಕೇಂದ್ರದಲ್ಲಿ ಫಾರಂ ತುಂಬಿಸುವಾಗ ಸರದಿಯಲ್ಲಿ ನನ್ನ ಮುಂದಿದ್ದ ಜರ್ಮನ್ ಮುದುಕರು ತಾವು ಹುಟ್ಟಿದ ಊರಿನ ಹೆಸರು ಹೇಳಿದರು. ಮೇಜಿನ ಹಿಂದಿದ್ದ ಪೋಲಿಷ್ ನರ್ಸ್ ಬರೆಯುವುದನ್ನು ನಿಲ್ಲಿಸಿದಳು.

“ಅದು ನಮ್ಮೂರು. ಪೋಲೆಂಡಿನ ಗಡೀಲಿದೆ. ಈಗ ಆ ಹೆಸರಿಲ್ಲ.”

“ನಾನು ಹುಟ್ಟಿದಾಗ ಜರ್ಮನಿ ಆಗಿತ್ತಮ್ಮಾ. ಯುದ್ಧ ಮುಗಿದ್ಮೇಲೆ ನಮ್ಮನ್ನ ಓಡಿಸಿದ್ರು. ಅದನ್ನ ನೀವ್ಯಾರೂ ಹೇಳಲ್ಲ.”

“ನಮ್ಮಜ್ಜಿನೂ ಇನ್ನೆಲ್ಲೋ ಮನೆ ಕಳ್ಕೊಂಡೇ ಅಲ್ಲಿಗೆ ಬಂದಿದ್ದು. ಅದನ್ನ ನೀವು ಹೇಳಲ್ಲ.”

“ಅಜ್ಜಿ ಯಾವ ಬೀದೀಲಿದ್ರು?” ಎಂದರು ಮುದುಕರು.

ಚುಚ್ಚುಮದ್ದಿನ ನಂತರ ಕಾಯುವ ಹದಿನೈದು ನಿಮಿಷದಲ್ಲಿ ಅವಳು ಅವರ ಬಳಿ ಬಂದು ಕೂತಳು. ಕರಪತ್ರದ ಹಿಂಬದಿಯಲ್ಲಿ ಇಬ್ಬರೂ ಊರಿನ ನಕ್ಷೆ ಬರೆದರು. ಪ್ರತಿ ಬೀದಿಗೂ ಎರಡೆರಡು ಹೆಸರು. ನಾನು ಬಸ್ಸಿಗೆ ಹೊರಟಾಗ ಸೇತುವೆಯ ಹೆಸರಿಗಾಗಿ ವಾದ ನಡೆದೇ ಇತ್ತು. ಇಬ್ಬರೂ ಎದ್ದಿರಲಿಲ್ಲ.