ಬೇರೆ ಕಟ್ಟಿದ ಕುರಿ

ಬೀದರಿನ ನಮ್ಮ ಕಚೇರಿಯ ಟಪಾಲು ವಿಭಾಗದಲ್ಲಿ ಒಬ್ಬ ಅಕ್ಕ ಇದ್ದರು. ಸ್ಪ್ಯಾಮ್ ಇ-ಮೇಲ್ ತಡೆಯುವ ತಂತ್ರಾಂಶದ ಕೈಪಿಡಿಯನ್ನು ತಿದ್ದುವಾಗ ನಾನು ಪುಟಗಳನ್ನು ಮೊದಲು ಅವರಿಗೇ ಕೊಡುತ್ತಿದ್ದೆ. ಕನ್ನಡಕ ಹಣೆಗೇರಿಸಿ, ಸಾಲಿನ ಮೇಲೆ ಬೆರಳಿಟ್ಟು, ಅಲ್ಲಿ ಹೇಳಿದಷ್ಟನ್ನೇ ಕಂಪ್ಯೂಟರಿನಲ್ಲಿ ಮಾಡುತ್ತಿದ್ದರು. ಏನಾದರೂ ಕೆಟ್ಟರೆ ಒಂದೇ ಮಾತು: “ನೀವು ಬರ್ದಂಗ ಮಾಡೀನ್ರಿ.”

ಒಂದು ದಿನ ‘ಗುರುತಿಲ್ಲದವರ ಪತ್ರ ಅಳಿಸಿ’ ಎಂಬಲ್ಲಿ ಆ ಬೆರಳು ನಿಂತೇಬಿಟ್ಟಿತು.

“ಸಂತಪುರದಾಗ ನಮ್ಮ ಹಿಂಡಿನ್ಯಾಗ ಬ್ಯಾರೇದವರ ಕುರಿ ಬಂದ್ರ ಓಡ್ಸಂಗಿಲ್ರಿ. ಬ್ಯಾರೆ ಕಟ್ತೇವಿ. ಕಳಕೊಂಡವರು ಮುಂಜಾನಿ ಹುಡ್ಕೋತ ಬರ್ತಾರ.”

ಪುಟ ಅಚ್ಚಿಗೆ ಹೊರಟಿತ್ತು. ನನಗೆ ಸಿಟ್ಟೇ ಬಂತು. ಆದರೂ ‘ಬೇರೆ ಇಡಿ, ಮರುದಿನ ಬೆಳಿಗ್ಗೆ ಒಮ್ಮೆ ನೋಡಿ’ ಎಂದು ತಿದ್ದಿದೆ.

ನಿವೃತ್ತಿಯಾಗಿ ಸಂತಪುರಕ್ಕೆ ಹೋದ ಮೇಲೆ ಅವರು ಹೊಸ ವಿಳಾಸದಿಂದ ನನಗೊಂದು ಇ-ಮೇಲ್ ಕಳಿಸಿದರು. ನಮ್ಮ ತಂತ್ರಾಂಶವೇ ಅದನ್ನು ತಡೆದಿತ್ತು. ಮರುದಿನ ಬೆಳಿಗ್ಗೆ, ಬೇರೆ ಇಟ್ಟ ಪತ್ರಗಳ ನಡುವೆ ಅದು ಸಿಕ್ಕಿತು. ಓದಿ, ಒಬ್ಬನೇ ಕೂತು ಬಹಳ ಹೊತ್ತು ನಕ್ಕೆ.

“ಸರ್, ನೀವು ಬರ್ದಂಗ ನೀವೂ ಮಾಡ್ತೀರೇನ್ರಿ? ಮಾಡಿದ್ರ ಇದು ಸಿಕ್ಕಿರ್ತದ.”